ಬೆತ್ತದ ಸದ್ದು

ಕೇಳುಗರಿಗೆ ನಮಸ್ಕಾರ.

ನಮ್ಮ ತೋಟದ ಮನೆಯಲ್ಲಿ ಒಂದು ನಾಯಿ ಇದೆ. ನಮ್ಮ ಜೀಪು ಇನ್ನೂ ಕೆಳಗಿನ ತಿರುವಿನಲ್ಲಿ ಏರು ಹತ್ತುತ್ತಿರುವಾಗಲೇ ಅದು ಗೇಟಿನ ಹತ್ತಿರ ಹೋಗಿ ನಿಲ್ಲುತ್ತದೆ, ಬಾಯಲ್ಲಿ ಜೊಲ್ಲು. ಪೇಟೆಯಿಂದ ಮಾಂಸದ ಚೂರು ಬರುತ್ತದೆಂದು ಅದಕ್ಕೆ ಗೊತ್ತು. ಬೇರೆಯವರ ಜೀಪಿಗೆ ತಲೆಯನ್ನೂ ಎತ್ತುವುದಿಲ್ಲ. ನಿಮ್ಮಲ್ಲೂ ಹೀಗೇ ಅಲ್ವಾ?

ರಷ್ಯಾದ ಇವಾನ್ ಪಾವ್ಲೋವ್ ಗಮನಿಸಿದ್ದೂ ಇದನ್ನೇ. ಅವರು ಜೀರ್ಣಕ್ರಿಯೆಯ ಸಂಶೋಧಕರು, 1904ರಲ್ಲಿ ನೊಬೆಲ್ ಬಂದದ್ದೂ ಆ ಕೆಲಸಕ್ಕೆ. ಅವರ ನಾಯಿಗಳು ಊಟ ಬಾಯಿಗೆ ಬೀಳುವ ಮೊದಲೇ, ಊಟ ತರುವವರನ್ನು ಕಂಡರೇ ಜೊಲ್ಲು ಸುರಿಸುತ್ತಿದ್ದವು. ಹಾಗಾದರೆ ನೋಡೋಣ ಎಂದು ಮೊದಲು ತಾಳ ಹಾಕುವ ಮೆಟ್ರೊನೋಮ್ ಯಂತ್ರದ ಟಿಕ್ ಟಿಕ್ ಕೇಳಿಸಿ, ಆಮೇಲೆ ಊಟ ಕೊಟ್ಟರು. ಹಲವು ಸಲ ಹೀಗಾದ ಮೇಲೆ ಬರೀ ಸದ್ದಿಗೇ ಜೊಲ್ಲು! ಊಟವಿಲ್ಲದೆ ಸದ್ದನ್ನಷ್ಟೇ ಕೇಳಿಸುತ್ತಾ ಹೋದರೆ ಮೆಲ್ಲಗೆ ಜೊಲ್ಲು ನಿಲ್ಲುತ್ತಿತ್ತು. ಸದ್ದಿಗೂ ಊಟಕ್ಕೂ ಹೀಗೆ ನಂಟು ಬೆಳೆಯುವುದನ್ನೇ ಅನುಬಂಧನ ಎನ್ನುತ್ತಾರೆ.

ಮನಸ್ಸನ್ನು ಪ್ರಯೋಗಾಲಯಕ್ಕೆ ತಂದವರು ಜರ್ಮನಿಯ ವಿಲ್‌ಹೆಲ್ಮ್ ವುಂಟ್, 1879ರಲ್ಲಿ, ಲೈಪ್‌ಜಿಗ್‌ನಲ್ಲಿ. ನಮ್ಮ ಪಕ್ಕದ ಮೈಸೂರಿನಲ್ಲಿ 1924ರಲ್ಲೇ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅಲ್ಲಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದರು. ಅದರ ಹೆಸರು ಆಕಾಶವಾಣಿ! ಈಗ ನೀವು ರೇಡಿಯೊ ಹಾಕಿಕೊಂಡು ಕೂತಿದ್ದೀರಲ್ಲ, ಆ ಹೆಸರಿನ ಹಿಂದೆ ಒಬ್ಬ ಮನಶ್ಶಾಸ್ತ್ರದ ಮೇಷ್ಟ್ರು ಇದ್ದಾರೆ ಎಂದು ಹೇಳಲು ನನಗೆ ತುಂಬಾ ಖುಷಿ.

ಇನ್ನು ತೋಟಕ್ಕೆ ನುಗ್ಗುವ ಆನೆಯ ವಿಷಯಕ್ಕೆ ಬರೋಣ. ಪಟಾಕಿ ಹೊಡೆದರೆ ಮೊದಮೊದಲು ಓಡುತ್ತದೆ. ಸದ್ದಿನಿಂದ ಏನೂ ಆಗುವುದಿಲ್ಲ ಎಂದು ತಿಳಿದ ಮೇಲೆ ನಿಂತಲ್ಲೇ ನಿಲ್ಲುತ್ತದೆ. ಆದರೆ ಹಲಸಿನ ಮರ ಮಾತ್ರ ಮರೆಯುವುದಿಲ್ಲ. ಒಳ್ಳೆಯ ಫಲ ಸಿಕ್ಕ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆ ಎಂದು ಅಮೆರಿಕದ ಥಾರ್ನ್‌ಡೈಕ್ 1898ರಲ್ಲೇ ಪೆಟ್ಟಿಗೆಯೊಳಗೆ ಬೆಕ್ಕುಗಳನ್ನಿಟ್ಟು ತೋರಿಸಿದ್ದರು. ಮುಂದೆ ಸ್ಕಿನ್ನರ್ ಇಲಿ, ಪಾರಿವಾಳಗಳಲ್ಲಿ ಇನ್ನೊಂದು ಮಾತು ಕಂಡುಕೊಂಡರು: ಫಲ ಪ್ರತಿಸಲ ಸಿಗದೆ ಆಗೊಮ್ಮೆ ಈಗೊಮ್ಮೆ ಸಿಕ್ಕರೆ ಆ ಅಭ್ಯಾಸ ಬಿಡಿಸುವುದು ಇನ್ನೂ ಕಷ್ಟ. ನಾಲ್ಕು ರಾತ್ರಿ ಬರಿಹೊಟ್ಟೆ, ಐದನೆಯ ರಾತ್ರಿ ಒಂದು ಹಲಸು. ಆನೆ ಬಾರದೆ ಇರುತ್ತದೆಯೇ? ಹಲಸು ಹಣ್ಣಾಗುವ ಮೊದಲೇ ಕಿತ್ತು ಹಾಕುವ ಬೆಳೆಗಾರರು ಸ್ಕಿನ್ನರ್ ಹೆಸರು ಕೇಳದಿದ್ದರೂ ಸರಿಯಾದ ಕಡೆಯೇ ಕೈ ಹಾಕಿದ್ದಾರೆ.

ನನ್ನನ್ನು ಜಾಸ್ತಿ ಕಾಡುವುದು ಅಮೆರಿಕದ ಮನಶ್ಶಾಸ್ತ್ರಜ್ಞ ವಾಟ್ಸನ್. ಮನಸ್ಸಿನ ಮಾತು ಬಿಡಿ, ಕಣ್ಣಿಗೆ ಕಾಣುವ ವರ್ತನೆಯನ್ನಷ್ಟೇ ನೋಡಿ ಎಂದು 1913ರಲ್ಲಿ ವರ್ತನಾವಾದ ಶುರುಮಾಡಿದವರು ಅವರು. ಹನ್ನೊಂದು ತಿಂಗಳ ಆಲ್ಬರ್ಟ್ ಎಂಬ ಮಗು ಬಿಳಿ ಇಲಿಯನ್ನು ಮುಟ್ಟಲು ಹೋದಾಗಲೆಲ್ಲ ಹಿಂದಿನಿಂದ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದರು. ಕೊನೆಗೆ ಇಲಿ ಕಂಡರೇ ಅಳು, ಮೊಲ ಕಂಡರೂ ಅಳು. ಆ ಭಯವನ್ನು ಹೋಗಲಾಡಿಸದೆ ಮಗುವನ್ನು ಹಾಗೇ ಕಳಿಸಿಬಿಟ್ಟರು. 1920ರಲ್ಲಿ ಇದನ್ನು ಪ್ರಕಟಿಸಿದರು. ಓದಿದಾಗಲೆಲ್ಲ ನನಗೆ ಕೋಪ ಬರುತ್ತದೆ.

ಯಾಕೆಂದರೆ ನನಗೂ ಅಂಥ ಒಂದು ಸದ್ದು ಗೊತ್ತು. ನಾಲ್ಕನೇ ತರಗತಿಯಲ್ಲಿ ಲೆಕ್ಕದ ಪಾಠ ಅಂದರೆ ಮೊದಲು ಮೇಜಿನ ಮೇಲೆ ಬೆತ್ತದ ಏಟು, ಮಗ್ಗಿ ತಪ್ಪಿದರೆ ಅಂಗೈಗೆ. ನಾನು ಅಲ್ಲಿ ಮಗ್ಗಿ ಕಲಿಯಲಿಲ್ಲ, ಹೆದರಲು ಕಲಿತೆ. ಪುಸ್ತಕದ ವಾಸನೆಗೇ ಹೊಟ್ಟೆ ಹಿಂಡುತ್ತಿತ್ತು. ದಡ್ಡಿ ಎಂದು ಎಲ್ಲರೂ ಅಂದರು, ನಾನೂ ನಂಬಿದ್ದೆ.

1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬವರು ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಕಥೆ ಬರೆದರು. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲದ ಗೂಡನ್ನು ದೂರದಲ್ಲಿ ಇಡುವುದು, ದಿನ ಕಳೆದ ಹಾಗೆ ಸ್ವಲ್ಪ ಸ್ವಲ್ಪವೇ ಹತ್ತಿರ ತರುವುದು. ಕೊನೆಗೆ ಪೀಟರ್ ಮೊಲವನ್ನು ಮುದ್ದು ಮಾಡಿದ.

ಅವ್ವನಿಗೆ ಈ ಕಥೆ ಗೊತ್ತಿರಲಿಲ್ಲ. ಮಳೆಗಾಲದ ಸಂಜೆ ಒಲೆಯ ಹತ್ತಿರ ಕೂತು ಕಡಂಬಿಟ್ಟು ಉಂಡೆ ಕಟ್ಟುತ್ತಾ, ಸಾಲಿಗೆ ಎಂಟು, ಏಳು ಸಾಲಾದರೆ ಎಷ್ಟು ಮಗಳೇ ಎಂದು ಕೇಳುತ್ತಿದ್ದಳು. ನಾನು ತಪ್ಪು ಹೇಳಿದರೆ ಇಬ್ಬರೂ ಸೇರಿ ಎಣಿಸುತ್ತಿದ್ದೆವು. ಎಣಿಸಿ ಮುಗಿದ ಮೇಲೆ ಬೆಂದ ಉಂಡೆಯೊಂದು, ಬಿಸಿ ಬಿಸಿಯಾಗಿ, ನನ್ನ ತಟ್ಟೆಗೆ ಬೀಳುತ್ತಿತ್ತು.