ಬುಕ್ಕಿನಲ್ಲಿ 21, ಅಪ್ಪಯ್ಯನ ಡೈರಿಯಲ್ಲಿ 14

ಇದು ಅಪ್ಪಯ್ಯನ ಡೈರಿ. ಯಾವಾಗಲೂ ಕಾರಿನಲ್ಲೇ ಇರುತ್ತದೆ. ಪೆಟ್ರೋಲ್ ಹಾಕಿಸಿದಾಗೆಲ್ಲ ತಾರೀಖು, ಕಿಲೋಮೀಟರ್, ಲೀಟರ್ ಬರೆದಿಡುತ್ತಾರೆ. ಹತ್ತಿರದಿಂದ ನೋಡಿ, ಲೀಟರಿಗೆ ಎಷ್ಟು ಕಿಲೋಮೀಟರ್ ಬಂತು ಅಂತ. 14.2. 13.8. 14.5. ಜುಲೈ ತಿಂಗಳಲ್ಲಿ 12.9. ಇನ್ನು ಮೊದಲ ಪುಟ. ಕಾರು ತಂದ ದಿನ ಕೆಂಪು ಪೆನ್ನಿನಲ್ಲಿ ಬರೆದದ್ದು: 21. ಕಂಪನಿ ಬುಕ್ಕಿನಲ್ಲಿ ಇದ್ದ ಮೈಲೇಜ್ ಅದು.

ಈ ಎರಡು ನಂಬರುಗಳ ನಡುವೆ ಅಪ್ಪಯ್ಯ ಎರಡು ವರ್ಷ ಒದ್ದಾಡಿದ್ದಾರೆ. "ಗಾಡಿಯಲ್ಲೇ ಏನೋ ದೋಷ ಇದೆ ಕಣೋ" ಅನ್ನುತ್ತಿದ್ದರು. ಗ್ಯಾರೇಜಿಗೆ ಬಿಟ್ಟರು. ಏರ್ ಫಿಲ್ಟರ್ ಬದಲಾಯಿತು, ಸ್ಪಾರ್ಕ್ ಪ್ಲಗ್ ಬದಲಾಯಿತು, ಡೈರಿಯ ನಂಬರ್ ಬದಲಾಗಲಿಲ್ಲ. ಆಮೇಲೆ ಉಳಿತಾಯ ಶುರುವಾಯಿತು. ಏಸಿ ಬಂದ್. ಇಳಿಜಾರು ಸಿಕ್ಕರೆ ನ್ಯೂಟ್ರಲ್.

ಹೋದ ವರ್ಷ ಆರಿದ್ರಾ ಮಳೆ. ಸಂಜೆ ಹೊತ್ತು. ಕಾರಿನಲ್ಲಿ ಮೂರು ಜನ, ಎಲ್ಲರ ಬಟ್ಟೆಯೂ ಒದ್ದೆ. ಏಸಿ ಹಾಕಿರಲಿಲ್ಲ, ಒಳಗಿನ ಗಾಜಿಗೆಲ್ಲ ಮಂಜು ಕೂತಿತ್ತು. ಅಪ್ಪಯ್ಯ ಒಂದು ಕೈಯಲ್ಲಿ ಬಟ್ಟೆ ಹಿಡಿದು ಗಾಜು ಒರೆಸುತ್ತಾ ಓಡಿಸುತ್ತಿದ್ದರು. ತಿರುವಿನಲ್ಲಿ ಬಸ್ಸು ಎದುರಿಗೆ ಬಂದದ್ದು ಕಾಣಲೇ ಇಲ್ಲ. ಕೊನೆ ಗಳಿಗೆಯಲ್ಲಿ ಎಡಕ್ಕೆ ಎಳೆದರು, ಮುಂದಿನ ಚಕ್ರ ಚರಂಡಿಗೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಅಮ್ಮ ಮಾತ್ರ ಒಂದು ತಿಂಗಳು ಆ ಕಾರು ಹತ್ತಲಿಲ್ಲ. ಒಂದು ನಂಬರಿನ ಹಿಂದೆ ಬಿದ್ದು ಇಷ್ಟೆಲ್ಲ ಆಯಿತಲ್ಲ ಅಂತ ನನಗೆ ತುಂಬಾ ಸಂಕಟವಾಯಿತು. ಈ ವಿಡಿಯೋ ಮಾಡಿದ್ದು ಅದಕ್ಕೇ.

ಮೊದಲು ಆ 21 ಎಲ್ಲಿಂದ ಬಂತು ನೋಡೋಣ.

ಅದು ನಿಜವಾಗಿಯೂ ಅಳೆದ ನಂಬರೇ. ಅಳೆದದ್ದು ಮಾತ್ರ ಕೋಣೆಯೊಳಗೆ. ಪುಣೆಯ ಎಆರ್‌ಎಐ ಥರದ ಪರೀಕ್ಷಾ ಕೇಂದ್ರಗಳಲ್ಲಿ ಕಾರಿನ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸುತ್ತಾರೆ. ಕಾರು ಇದ್ದಲ್ಲೇ ಓಡುತ್ತದೆ, ಎದುರಿಗೆ ದೊಡ್ಡ ಫ್ಯಾನು. ಚಾಲಕನ ಮುಂದೆ ಒಂದು ಪರದೆ. ಅದರ ಮೇಲಿನ ಗೆರೆ ಹೇಗೆ ಹೋಗುತ್ತದೋ ಹಾಗೆ ವೇಗ ಏರಿಸಬೇಕು, ಇಳಿಸಬೇಕು. ಒಟ್ಟು 1180 ಸೆಕೆಂಡು. ಇಪ್ಪತ್ತು ನಿಮಿಷವೂ ಇಲ್ಲ. ಪೇಟೆ ಓಡಾಟದ 195 ಸೆಕೆಂಡಿನ ತುಣುಕು ನಾಲ್ಕು ಸಲ, ಕೊನೆಗೆ ಹೈವೇ ಥರದ್ದು 400 ಸೆಕೆಂಡು. ಅತಿ ಹೆಚ್ಚು ವೇಗ 90. ಓಡಿದ ದೂರ 11 ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ. ಕೋಣೆಯ ಬಿಸಿ 20ರಿಂದ 30 ಡಿಗ್ರಿ. ಏಸಿ ಬಂದ್. ಹೊಗೆಯನ್ನು ಚೀಲಗಳಲ್ಲಿ ಹಿಡಿದು, ಅದರಲ್ಲಿರುವ ಕಾರ್ಬನ್ ಲೆಕ್ಕ ಹಾಕಿ, ಇಷ್ಟು ಪೆಟ್ರೋಲ್ ಉರಿದಿದೆ ಅಂತ ಹೇಳುತ್ತಾರೆ. ಗಾಳಿ ಮತ್ತು ಟೈರಿನ ತಡೆಯನ್ನು ರೋಲರ್ ಕೊಡುತ್ತದೆ. ಏರು ಅನ್ನೋದು ಆ ಲೆಕ್ಕದಲ್ಲೇ ಇಲ್ಲ.

ಎಲ್ಲ ಕಾರಿಗೂ ಒಂದೇ ಪರೀಕ್ಷೆ. ಹಾಗಾಗಿ 21ರ ಕಾರು, 18ರ ಕಾರು ಅಂತ ಹೋಲಿಸಿ ನೋಡೋಕೆ ಅದು ಬೇಕು. ನಮ್ಮ ಈ ಪರೀಕ್ಷೆ ಯುರೋಪಿನ ಹಳೇ ಪದ್ಧತಿಯಿಂದ ಬಂದದ್ದು. ನಿಜವಾದ ರಸ್ತೆಗೂ ಇದಕ್ಕೂ ದೂರ ಜಾಸ್ತಿ ಅಂತ 2017ರಿಂದ ಯುರೋಪಿನವರೇ ಅದನ್ನು ಬಿಡುತ್ತಾ ಬಂದರು. ಅವರ ಹೊಸ ಪರೀಕ್ಷೆ ಅರ್ಧ ಗಂಟೆಯದು, 23 ಕಿಲೋಮೀಟರ್, ವೇಗ 131ರವರೆಗೆ ಹೋಗುತ್ತದೆ.

ಸರಿ, ಈಗ ನಮ್ಮ ರಸ್ತೆ. ಡಿಸೆಂಬರ್, ಬೆಳಿಗ್ಗೆ ಆರೂವರೆ, ತೀರ್ಥಹಳ್ಳಿಯ ಬಂಕು. ಫುಲ್ ಟ್ಯಾಂಕ್ ಮಾಡಿಸಿ, ಪಂಪ್ ತಾನಾಗಿ ಕಟ್ ಆದ ಮೇಲೆ ಒಂದು ಹನಿಯೂ ಹಾಕಿಸಲಿಲ್ಲ. ಟ್ರಿಪ್ ಮೀಟರ್ ಸೊನ್ನೆ. ಟೈರ್ ಗಾಳಿ ಕಂಪನಿ ಹೇಳಿದಷ್ಟು. ಅಪ್ಪಯ್ಯ ಪಕ್ಕದ ಸೀಟಿನಲ್ಲಿ, ಡೈರಿ ತೊಡೆ ಮೇಲೆ.

ಆಗುಂಬೆ ದಾಟಿ ಘಾಟಿ ಇಳಿಯೋಕೆ ಶುರು ಮಾಡಿದೆವು. 14 ಹೇರ್‌ಪಿನ್ ತಿರುವು. "ನ್ಯೂಟ್ರಲ್ ಹಾಕು" ಅಂದರು. "ಬೇಡ ಅಪ್ಪಯ್ಯ, ಇದನ್ನು ನೋಡಿ" ಅಂತ ಮೀಟರ್ ತೋರಿಸಿದೆ. ಎರಡನೇ ಗೇರ್, ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಮೈಲೇಜಿನ ಮುಳ್ಳು ಪೂರ್ತಿ ಮೇಲಕ್ಕೆ ಹೋಗಿ ನಿಂತಿತು. ಈಗಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಹೀಗೆ ಗೇರಿನಲ್ಲಿ ಇಳಿಯುವಾಗ ಪೆಟ್ರೋಲ್ ಪೂರ್ತಿ ನಿಂತುಬಿಡುತ್ತದೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ಆರಬಾರದಲ್ಲ, ಅದಕ್ಕೆ ಅದು ಪೆಟ್ರೋಲ್ ಕುಡಿಯಲೇಬೇಕು. ಜೊತೆಗೆ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ. ಬ್ರೇಕ್ ಕಾದು ವಾಸನೆ ಬರುತ್ತದೆ, ಆಮೇಲೆ ಹಿಡಿತವೇ ಸಿಗುವುದಿಲ್ಲ. ದಯವಿಟ್ಟು ಕೇಳಿ, ಘಾಟಿಯಲ್ಲಿ ನ್ಯೂಟ್ರಲ್ ಹಾಕಬೇಡಿ. ಉಳಿಯೋದೂ ಇಲ್ಲ, ಜೀವಕ್ಕೂ ಅಪಾಯ.

ಸೋಮೇಶ್ವರದಲ್ಲಿ ಕಾಫಿ ಕುಡಿದು ಹತ್ತೋಕೆ ಶುರು. ಮೀಟರ್ 7, 8ರ ಮೇಲೆ ಏಳಲೇ ಇಲ್ಲ. ಇದಕ್ಕೆ ಲೆಕ್ಕ ಇದೆ. ಕಾರು, ಜನ, ಸಾಮಾನು ಸೇರಿ 1200 ಕೆ.ಜಿ. ಅಂದುಕೊಳ್ಳಿ. ಅದನ್ನು ಸುಮಾರು 500 ಮೀಟರ್ ಎತ್ತರಕ್ಕೆ ಎತ್ತಬೇಕು. ಒಂದು ಲೀಟರ್ ಪೆಟ್ರೋಲಿನ ಶಕ್ತಿಯಲ್ಲಿ ಕಾಲು ಭಾಗ ಚಕ್ರಕ್ಕೆ ಬಂತು ಅಂತ ಇಟ್ಟುಕೊಂಡರೂ, ಬರೀ ಎತ್ತೋಕೆ ಮುಕ್ಕಾಲು ಲೀಟರ್ ಬೇಕು. ಮುಂದೆ ಓಡೋ ಖರ್ಚು ಬೇರೆ.

ತೀರ್ಥಹಳ್ಳಿಗೆ ವಾಪಸ್ ಬಂದು ಅದೇ ಪಂಪಿನಲ್ಲಿ ತುಂಬಿಸಿದೆವು. 86 ಕಿಲೋಮೀಟರ್, 5.6 ಲೀಟರ್. ಅಂದರೆ 15.4. ಅಪ್ಪಯ್ಯ ಸುಮ್ನೆ ಡೈರಿ ನೋಡುತ್ತಾ ಕೂತರು. ಘಾಟಿ ಹತ್ತಿಯೂ ಅವರ ದಿನನಿತ್ಯದ ಮೈಲೇಜಿಗಿಂತ ಜಾಸ್ತಿ ಬಂದಿತ್ತು!

ಮಧ್ಯಾಹ್ನ ಶಿವಮೊಗ್ಗಕ್ಕೆ ಹೋಗಿ ಬಂದೆವು. ಮಂಡಗದ್ದೆ, ಸಕ್ರೆಬೈಲು, ಗಾಜನೂರು, ಎಲ್ಲೂ 70 ದಾಟಲಿಲ್ಲ. 122 ಕಿಲೋಮೀಟರಿಗೆ 6.4 ಲೀಟರ್. 19! ಇಷ್ಟು ಕಡಿಮೆ ತುಂಬಿಸಿದಾಗ ಅರ್ಧ ಲೀಟರ್ ಆಚೆ ಈಚೆ ಆದರೂ ಲೆಕ್ಕ ಬದಲಾಗುತ್ತದೆ, ಅದು ಗೊತ್ತು. ಅದಕ್ಕೇ ಮುಂದಿನ ವಾರ ಎರಡೂ ದಾರಿ ಇನ್ನೊಮ್ಮೆ ಓಡಿಸಿದೆ. ಹೆಚ್ಚುಕಡಿಮೆ ಅಷ್ಟೇ ಬಂತು.

ಹಾಗಾದರೆ ಪೆಟ್ರೋಲ್ ಎಲ್ಲಿ ಹೋಗುತ್ತಿತ್ತು? ಮರುದಿನ ಬೆಳಿಗ್ಗೆ ಗೊತ್ತಾಯಿತು. ನಮ್ಮ ಮನೆ ಪೇಟೆಯಿಂದ 4 ಕಿಲೋಮೀಟರ್ ಒಳಗೆ, ತೋಟದ ಪಕ್ಕ. ಹೊರಗೆ ಇಬ್ಬನಿ ಸುರಿಯುತ್ತಿತ್ತು. ಅಪ್ಪಯ್ಯ ಕಾರು ಸ್ಟಾರ್ಟ್ ಮಾಡಿದರು, ಬಿಸಿಯಾಗಲಿ ಅಂತ ಹಾಗೇ ಬಿಟ್ಟು ಹಾಲಿನ ಕ್ಯಾನ್ ತರೋಕೆ ಒಳಗೆ ಹೋದರು. ಆರು ನಿಮಿಷ. ಓಡಿದ್ದು ಸೊನ್ನೆ. ಆಮೇಲೆ ಗುಂಡಿ ಬಿದ್ದ ಮಣ್ಣು ರಸ್ತೆ, ಮೊದಲನೇ ಗೇರ್, ಎರಡನೇ ಗೇರ್. ಪೇಟೆ ತಲುಪಿ ಎಂಜಿನ್ ಇನ್ನೇನು ಬಿಸಿಯಾಯಿತು ಅನ್ನುವಷ್ಟರಲ್ಲಿ ಆಫ್. ಒಂದೂವರೆ ಗಂಟೆ ಬಿಟ್ಟು ಮತ್ತೆ ಅದೇ ಕಥೆ.

ತಣ್ಣಗಿನ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಬೇಕು. ಆಯಿಲ್ ದಪ್ಪಗಿರುತ್ತದೆ, ತಿಕ್ಕಾಟ ಹೆಚ್ಚು. ಅದು ಸರಿಯಾಗಿ ಕಾಯೋಕೆ ಕೆಲವು ಕಿಲೋಮೀಟರ್ ಓಡಬೇಕು. ಅಪ್ಪಯ್ಯನ ಕಾರಿಗೆ ಆ ಭಾಗ್ಯವೇ ಸಿಗುತ್ತಿರಲಿಲ್ಲ. ಕಾಯಿಸೋಕೆ ನಿಲ್ಲಿಸಿಕೊಳ್ಳೋ ಬದಲು ಅರ್ಧ ನಿಮಿಷ ಬಿಟ್ಟು ನಿಧಾನಕ್ಕೆ ಹೊರಟರೆ ಸಾಕು, ಓಡುತ್ತಲೇ ಬೇಗ ಕಾಯುತ್ತದೆ.

ಪೆಟ್ರೋಲಿನದೂ ಒಂದು ಪಾಲಿದೆ. ಈಗ ಬರೋದು ಶೇ. 20 ಎಥನಾಲ್ ಬೆರೆಸಿದ್ದು. ಎಥನಾಲಿನಲ್ಲಿ ಲೀಟರಿಗೆ ಇರೋ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಅದಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇ. 1–2, ಉಳಿದವುಗಳಲ್ಲಿ ಶೇ. 3–6 ಇಳಿಯಬಹುದು ಅಂತ 2025ರಲ್ಲಿ ಕೇಂದ್ರ ಸರ್ಕಾರವೇ ಹೇಳಿದೆ. 14ಕ್ಕೆ ಇಳಿಯೋಕೆ ಅದೊಂದೇ ಕಾರಣ ಅಲ್ಲ.

ಮೊನ್ನೆ ಮಳೆ ಹಿಡಿದ ಮೇಲೆ ಊರಿಗೆ ಹೋಗಿದ್ದೆ. ಅಪ್ಪಯ್ಯ ಡೈರಿಯಲ್ಲಿ ಈಗ ಹೊಸದಾಗಿ ಒಂದು ಕಾಲಂ ಎಳೆದಿದ್ದಾರೆ. ಕೊನೆಯ ಸಾಲು ಓದುತ್ತೇನೆ. "12.7. ಪೇಟೆ ಓಡಾಟ. ಜೋರು ಮಳೆ. ಏಸಿ ಹಾಕಿದ್ದೆ."