ಜೀವಂತ ಟಗರಿನ ಮೈಯೊಳಗಿನ ಮಾಂಸ, ಕೊಬ್ಬು

ಕೇಳುಗರೇ, ನಮಸ್ಕಾರ.

ಸಂತೆಯಲ್ಲಿ ಟಗರು ಕೊಳ್ಳುವವರು ಅದರ ಸೊಂಟದ ಮೇಲೆ ಕೈಯಿಟ್ಟು, ಬೆನ್ನೆಲುಬಿನ ಅಂಚು ಬೆರಳಿಗೆ ಎಷ್ಟು ಸಿಗುತ್ತದೆಂದು ಒತ್ತಿ ನೋಡುವುದನ್ನು ನೀವು ಕಂಡಿರಬಹುದು. ಪಶುವೈದ್ಯರೂ ಅದೇ ಜಾಗವನ್ನು ಮುಟ್ಟಿ ನೋಡಿ ಮೈಕಟ್ಟಿಗೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಪ್ರಾಣಿ ಬಡಕಲೋ ಪುಷ್ಟವೋ ಎಂಬುದು ಕೈಗೆ ತಿಳಿಯುತ್ತದೆ. ಆದರೆ ಒಂದೇ ತೂಕದ ಎರಡು ಟಗರುಗಳಲ್ಲಿ ಯಾವುದರಲ್ಲಿ ಮಾಂಸ ಹೆಚ್ಚು, ಯಾವುದರ ಮೂತ್ರಪಿಂಡದ ಸುತ್ತ ಕೊಬ್ಬು ತುಂಬಿದೆ ಎಂಬುದು ಕೈಗೆ ಎಟುಕುವ ಸಂಗತಿಯಲ್ಲ. ಕೊಯ್ದು ನೋಡಿದರೆ ತಿಳಿಯುತ್ತದೆ ನಿಜ, ಆದರೆ ಆಗ ತಳಿ ಬೆಳೆಸಲು ಬೇಕಾದ ಟಗರೇ ಉಳಿದಿರುವುದಿಲ್ಲ.

ಗಬ್ಬದ ಪರೀಕ್ಷೆಗೆ ಬಳಸುವ ಅಲ್ಟ್ರಾಸೌಂಡ್ ತಂತ್ರವೇ ಇಲ್ಲಿಯೂ ನೆರವಿಗೆ ಬರುತ್ತದೆ. ಕೊನೆಯ ಪಕ್ಕೆಲುಬಿನ ಬಳಿ ಉಣ್ಣೆ ಸರಿಸಿ, ಜೆಲ್ ಹಚ್ಚಿ, ಸಲಕರಣೆಯನ್ನು ಬೆನ್ನಿಗೆ ಅಡ್ಡವಾಗಿ ಇಟ್ಟರೆ, ಪರದೆಯ ಮೇಲೆ ಚರ್ಮ, ಅದರಡಿಯಲ್ಲಿ ಕೊಬ್ಬಿನ ತೆಳುವಾದ ಪದರ, ಅದಕ್ಕೂ ಕೆಳಗೆ ಬೆನ್ನಿನ ದಪ್ಪ ಸ್ನಾಯು ಕಾಣಿಸುತ್ತವೆ. ಕುರಿಯ ಬೆನ್ನಿನ ಕೊಬ್ಬು ಕೆಲವೇ ಮಿಲಿಮೀಟರ್ ಇರುವುದರಿಂದ, ಕೈ ಸ್ವಲ್ಪ ಬಿಗಿಯಾಗಿ ಒತ್ತಿದರೂ ಪದರ ಕುಗ್ಗಿ ಅಳತೆ ತಪ್ಪುತ್ತದೆ. ಯಂತ್ರ ಎಷ್ಟು ಒಳ್ಳೆಯದಿದ್ದರೂ ಪಳಗಿದ ಕೈ ಬೇಕೇ ಬೇಕು.

ಇಡೀ ದೇಹದ ಲೆಕ್ಕ ಬೇಕೆಂದರೆ ಸಿ.ಟಿ. ಸ್ಕ್ಯಾನ್ ಮಾಡಬೇಕು. ಕ್ಷ-ಕಿರಣ ಹಾಯಿಸಿ ದೇಹದ ಅಡ್ಡಸೀಳಿನ ಚಿತ್ರಗಳನ್ನು ತೆಗೆಯುವ ಈ ಯಂತ್ರ, ಯಾವ ಭಾಗ ಕಿರಣವನ್ನು ಎಷ್ಟು ತಡೆಯುತ್ತದೆಂದು ಅಂಕದಲ್ಲಿ ತೋರಿಸುತ್ತದೆ. ಆ ಅಳತೆಗೋಲಿನಲ್ಲಿ ನೀರು 0, ಗಾಳಿ ಮೈನಸ್ 1000. ಕೊಬ್ಬು ನೀರಿಗಿಂತ ಕೆಳಗೆ, ಸ್ನಾಯು ಸ್ವಲ್ಪ ಮೇಲೆ, ಮೂಳೆ ಬಹಳ ಮೇಲೆ ಇರುವುದರಿಂದ ಮೂರನ್ನೂ ಬೇರ್ಪಡಿಸಿ ಎಣಿಸಬಹುದು. ನಾರ್ವೆಯ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲೇ ಜೀವಂತ ಹಂದಿಗಳ ಮೇಲೆ ಇದನ್ನು ಪ್ರಯೋಗಿಸಿದರು. ಸ್ಕಾಟ್ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ಟಗರುಗಳ ಆಯ್ಕೆಗೂ ಬಳಸಿದ್ದಾರೆ. ಪ್ರಾಣಿ ಅಲುಗಾಡಿದರೆ ಚಿತ್ರ ಕೆಡುವುದರಿಂದ ಮಂಪರಿನ ಔಷಧಿ ಕೊಟ್ಟು, ತೊಟ್ಟಿಲಿನಂಥ ಆಸರೆಯಲ್ಲಿ ಪಟ್ಟಿ ಬಿಗಿದು ಮಲಗಿಸುತ್ತಾರೆ. ಸಾಮಾನ್ಯ ಯಂತ್ರದ ಬಾಯಿ ಸುಮಾರು 70 ಸೆಂಟಿಮೀಟರ್ ಅಗಲ ಮಾತ್ರ, ಹಾಗಾಗಿ ಬೆಳೆದ ಎತ್ತು, ಎಮ್ಮೆಗಳಿಗೆ ಇದು ಆಗುವುದಿಲ್ಲ.

ವೆಚ್ಚ ಹೆಚ್ಚಾದ್ದರಿಂದ ಆ ದೇಶಗಳಲ್ಲಿಯೂ ಎಲ್ಲ ಕುರಿಗಳನ್ನೂ ಸಿ.ಟಿ.ಗೆ ಒಯ್ಯುವುದಿಲ್ಲ. ಮೊದಲು ಅಲ್ಟ್ರಾಸೌಂಡ್‌ನಲ್ಲಿ ಜರಡಿ ಹಿಡಿದು, ಮೇಲೆ ಉಳಿದ ಕೆಲವೇ ಟಗರುಗಳನ್ನು ಒಯ್ಯುತ್ತಾರೆ. ನಮಗೂ ಇದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜೂ ಆಡುಗೋಡಿಯ ಪಶು ಪೋಷಣಾ ಸಂಶೋಧನಾ ಸಂಸ್ಥೆಯೂ ಇರುವ ಬೆಂಗಳೂರಿಗೆ, ಮಾಂಸದ ಕುರಿಗೆ ಹೆಸರಾದ ಮೈಸೂರು ಜಿಲ್ಲೆಯ ಬನ್ನೂರು ದೂರದ ಊರೇನಲ್ಲ. ಮೋಟು ಕಾಲಿನ, ತುಂಬಿದ ತೊಡೆಯ ಬನ್ನೂರು ಕುರಿಯ ಮಾಂಸವನ್ನು ಹೊಗಳದವರಿಲ್ಲ. ಆ ಹೊಗಳಿಕೆಗೆ ಕಾರಣವಾದ ಮೈಕಟ್ಟನ್ನು, ಅಡ್ಡತಳಿಗಳಲ್ಲಿ ಅದು ಕರಗಿಹೋಗುವ ಮೊದಲೇ, ಹಟ್ಟಿಯಿಂದ ಹಟ್ಟಿಗೆ ಅಲ್ಟ್ರಾಸೌಂಡ್ ಯಂತ್ರ ಒಯ್ದು ಅಳೆದು, ಉತ್ತಮ ಟಗರುಗಳನ್ನು ಕಸಾಯಿಖಾನೆಗೆ ಕಳಿಸದೆ ಸಂತಾನಕ್ಕೆ ಉಳಿಸಿಕೊಳ್ಳಬೇಕು.