ಚರ್ಚ್ ಬಿಟ್ಟವರ ಜಗಳದಲ್ಲಿ ಕೊನೆಯ ಮಾತು ಯಾರದ್ದು?

[ಮೇಜಿನ ಮೇಲೆ ಗೋಡೆ ಕ್ಯಾಲೆಂಡರ್. ಕ್ಯಾಮೆರಾ ಮೇಲಿನಿಂದ. ಬೆರಳು ಒಂದು ಭಾನುವಾರದ ಮೇಲೆ.]

ಮೊದಲು ಒಂದು ಸಣ್ಣ ಲೆಕ್ಕ. "ಈ ಭಾನುವಾರದಿಂದ ಐವತ್ತು ದಿನ ಎಣಿಸಿ" ಅಂತ ಯಾರೋ ಹೇಳಿದ್ರು ಅಂದ್ಕೊಳ್ಳಿ. ಈ ಭಾನುವಾರವನ್ನೇ ಒಂದು ಅಂತ ಹಿಡಿದ್ರೆ ಐವತ್ತನೇ ದಿನ ಭಾನುವಾರವೇ ಬರುತ್ತೆ. "ಭಾನುವಾರದಿಂದ ಅಂದ್ರೆ ಮಾರನೇ ದಿನದಿಂದ ತಾನೇ?" ಅಂತ ಸೋಮವಾರ ಶುರು ಮಾಡಿದ್ರೆ ಐವತ್ತನೆಯದು ಸೋಮವಾರಕ್ಕೆ ಬೀಳುತ್ತೆ. ವ್ಯತ್ಯಾಸ ಒಂದೇ ದಿನ. ಸಾಲಗಾರನಿಗೆ ವಾಯಿದೆ ಕೊಡುವಾಗ ಇದು ಅಷ್ಟು ದೊಡ್ಡ ವಿಷಯ ಅಲ್ಲ.

ಆದ್ರೆ ಬೈಬಲಿನ ಯಾಜಕಕಾಂಡ 23ನೇ ಅಧ್ಯಾಯ ಪೆಂಟೆಕೋಸ್ಟ್ ಹಬ್ಬವನ್ನ ಹೀಗೇ ಎಣಿಸಿ ಹಿಡೀರಿ ಅನ್ನುತ್ತೆ. ಅಮೆರಿಕದ ಒಂದು ಚರ್ಚ್ ದಶಕಗಳ ಕಾಲ ಸೋಮವಾರ ಆಚರಿಸಿತು. 1974ರಲ್ಲಿ ಅದರ ಸ್ಥಾಪಕರೇ "ನಾನು ಎಣಿಸಿದ್ದು ತಪ್ಪು, ಭಾನುವಾರ ಸರಿ" ಅಂದ್ರು. ಚರ್ಚ್ ಭಾನುವಾರಕ್ಕೆ ಬಂತು. ಅವರು ತೀರಿಹೋದ ಮೇಲೆ ಏನಾಯ್ತು ಅನ್ನೋದೇ ಇವತ್ತಿನ ಕಥೆ.

[ಪರದೆಯ ಮೇಲೆ: ಹರ್ಬರ್ಟ್ ಆರ್ಮ್‌ಸ್ಟ್ರಾಂಗ್, 1892–1986]

ಆ ಸ್ಥಾಪಕರೇ ಹರ್ಬರ್ಟ್ ಆರ್ಮ್‌ಸ್ಟ್ರಾಂಗ್, ಮೂಲತಃ ಜಾಹೀರಾತು ಬರೆಯೋ ಮನುಷ್ಯ. 1934ರಲ್ಲಿ ಒರೆಗಾನ್ ರಾಜ್ಯದಲ್ಲಿ ರೇಡಿಯೋ ಪ್ರಸಂಗ ಶುರು ಮಾಡಿದ್ರು. ಅದೇ ವರ್ಷ ಒಂದು ಪತ್ರಿಕೆ, ಹೆಸರು 'ಪ್ಲೇನ್ ಟ್ರುತ್'. ಮೊದಲ ಸಂಚಿಕೆ ಸುಮಾರು 250 ಪ್ರತಿ, ಕೈಯಲ್ಲಿ ತಿರುಗಿಸೋ ಮಿಮಿಯೋಗ್ರಾಫಿನಲ್ಲಿ ತೆಗೆದದ್ದು. 1980ರ ದಶಕದ ಹೊತ್ತಿಗೆ ಅದು 80 ಲಕ್ಷ ದಾಟಿತ್ತು, ಅದೂ ಪುಕ್ಕಟೆ. ಚರ್ಚಿನ ಹೆಸರು 1968ರಿಂದ 'ವರ್ಲ್ಡ್‌ವೈಡ್ ಚರ್ಚ್ ಆಫ್ ಗಾಡ್', ಕೇಂದ್ರ ಕ್ಯಾಲಿಫೋರ್ನಿಯಾದ ಪ್ಯಾಸಡೀನಾ.

ಚರ್ಚಿನ ಬೋಧನೆ ಹೀಗಿತ್ತು. ಶನಿವಾರ ಸಬ್ಬತ್, ಅಂದ್ರೆ ಕೆಲಸ ಬಿಟ್ಟು ದೇವರಿಗೆ ಮೀಸಲಿಡೋ ದಿನ. ಕ್ರಿಸ್‌ಮಸ್ ಇಲ್ಲ, ಈಸ್ಟರ್ ಇಲ್ಲ. ಅದರ ಬದಲು ಹಳೇ ಒಡಂಬಡಿಕೆಯ ಹಬ್ಬಗಳು. ಹಂದಿಮಾಂಸ ನಿಷಿದ್ಧ. ತಂದೆ, ಮಗ, ಪವಿತ್ರಾತ್ಮ ಮೂವರೂ ಸೇರಿ ಒಬ್ಬನೇ ದೇವರು ಅನ್ನೋ ತ್ರಿಯೇಕ ದೇವರ ಬೋಧನೆ ತಪ್ಪು. ದಶಮಾಂಶ, ಅಂದ್ರೆ ಆದಾಯದ ಹತ್ತನೇ ಒಂದು ಪಾಲು, ಒಂದಲ್ಲ, ಮೂರು: ಒಂದು ಚರ್ಚಿಗೆ, ಒಂದು ಹಬ್ಬದ ಖರ್ಚಿಗೆ ಅಂತ ತಾವೇ ಎತ್ತಿಡಬೇಕು, ಮೂರನೆಯದು ಏಳು ವರ್ಷದಲ್ಲಿ ಎರಡು ಸಲ, ವಿಧವೆಯರು ಅನಾಥರಿಗೆ. ಇವೆಲ್ಲದರ ನೆತ್ತಿಯ ಮೇಲೆ ಇನ್ನೊಂದು ಬೋಧನೆ ಕೂತಿತ್ತು. ದೇವರ ಆಡಳಿತ ಮೇಲಿಂದ ಕೆಳಕ್ಕೆ ಬರುತ್ತೆ, ಭೂಮಿಯ ಮೇಲೆ ಅದರ ತುದಿಯಲ್ಲಿ ಒಬ್ಬ ಅಪೊಸ್ತಲ, ಅಂದ್ರೆ ದೇವರು ಕಳಿಸಿದ ಪ್ರತಿನಿಧಿ, ಇರ್ತಾನೆ. ಆ ಅಪೊಸ್ತಲ ಯಾರು ಅಂತ ಯಾರೂ ಕೇಳಬೇಕಾಗಿರಲಿಲ್ಲ.

1986ರ ಜನವರಿ 16ಕ್ಕೆ ಆರ್ಮ್‌ಸ್ಟ್ರಾಂಗ್ ತೀರಿಕೊಂಡರು, 93 ವರ್ಷ. ಅವರೇ ಆರಿಸಿದ ಉತ್ತರಾಧಿಕಾರಿ ಜೋಸೆಫ್ ಟ್ಕಾಚ್. ಟ್ಕಾಚ್ ಒಂದೊಂದೇ ಬೋಧನೆ ಬಿಡ್ತಾ ಬಂದ್ರು. 1994ರ ಡಿಸೆಂಬರಿನಲ್ಲಂತೂ ಬುಡಕ್ಕೇ ಕೈ ಹಾಕಿದ್ರು: ಸಬ್ಬತ್, ಹಬ್ಬ, ಮಾಂಸದ ನಿಯಮ, ದಶಮಾಂಶ, ಇವು ಯಾವುದೂ ಕ್ರೈಸ್ತರಿಗೆ ಕಡ್ಡಾಯ ಅಲ್ಲ ಅಂತ.

[ನಿರೂಪಕ ಕ್ಯಾಮೆರಾ ನೋಡಿ]

ಈಗ ನೀವು ಆ ಚರ್ಚಿನ ಸದಸ್ಯರು ಅಂದ್ಕೊಳ್ಳಿ. ಮೂವತ್ತು ವರ್ಷ ಶನಿವಾರ ಕೆಲಸಕ್ಕೆ ಹೋಗಲ್ಲ ಅಂತ ಹಟ ಹಿಡಿದು ನೌಕರಿ ಕಳ್ಕೊಂಡಿದ್ದೀರಿ. ಮಕ್ಕಳಿಗೆ ಕ್ರಿಸ್‌ಮಸ್ ಮಾಡಲಿಲ್ಲ. "ಮೇಲಿನವರು ಹೇಳಿದ್ದು ದೇವರು ಹೇಳಿದ ಹಾಗೆ" ಅಂತ ನಂಬಿದ್ರಿ. ಈಗ ಆ ಮೇಲಿನವರೇ "ಅದೆಲ್ಲ ಬೇಕಾಗಿರಲಿಲ್ಲ" ಅಂತಾರೆ. ಬೋಧನೆ ಉಳಿಸ್ಕೊಬೇಕು ಅಂದ್ರೆ ಅಧಿಕಾರಕ್ಕೆ ಎದುರು ನಿಲ್ಲಬೇಕು. ಅಧಿಕಾರಕ್ಕೆ ತಲೆಬಾಗಬೇಕು ಅಂದ್ರೆ ಬೋಧನೆ ಬಿಡಬೇಕು. ಆದ್ರೆ ಅಧಿಕಾರಕ್ಕೆ ತಲೆಬಾಗೋದೂ ಒಂದು ಬೋಧನೆಯೇ ಆಗಿತ್ತಲ್ಲ!

ಸಾವಿರಾರು ಜನ ಹೊರಗೆ ಬಂದ್ರು. "ನಾವು ಚರ್ಚ್ ಬಿಡಲಿಲ್ಲ, ಚರ್ಚೇ ನಮ್ಮನ್ನ ಬಿಟ್ಟು ಹೋಯ್ತು" ಅನ್ನೋದು ಅವರ ವಾದ. ಇದನ್ನ ಬರೀ ಮಾತಿನ ಚಮತ್ಕಾರ ಅಂತ ತಳ್ಳಿಹಾಕಬೇಡಿ. ಹೊರಗೆ ಬಂದವರೇ ಹಳಬರು, ಒಳಗೆ ಉಳಿದವರೇ ಹೊಸಬರು ಅಂತ ಇದರ ಅರ್ಥ.

ಹೊರಗೆ ಬಂದವರಿಗೆ ಸಬ್ಬತ್ ಬಗ್ಗೆ ಜಗಳ ಇರಲಿಲ್ಲ. ಹಬ್ಬದ ಬಗ್ಗೆಯೂ ಇಲ್ಲ. ಶೇಕಡಾ ತೊಂಬತ್ತು ಬೋಧನೆ ಒಂದೇ ಅಂತಲೇ ಇಟ್ಕೊಳ್ಳಿ. ಹಾಗಾದ್ರೆ ಒಂದು ದೊಡ್ಡ ಗುಂಪಾಗಬೇಕಿತ್ತು. ಆಗಲಿಲ್ಲ. ಮೊದಲ ಸಭೆಯಲ್ಲೇ ಎದ್ದ ಪ್ರಶ್ನೆ: ನಮ್ಮಲ್ಲಿ ಭಿನ್ನಾಭಿಪ್ರಾಯ ಬಂದ್ರೆ ತೀರ್ಪು ಕೊಡೋದು ಯಾರು?

ಆರ್ಮ್‌ಸ್ಟ್ರಾಂಗರ ಹಿರಿಯ ಶಿಷ್ಯರಲ್ಲೊಬ್ಬರು ರೋಡ್ರಿಕ್ ಮೆರೆಡಿತ್. ಮೇಲಿಂದ ಕೆಳಕ್ಕೆ ಬರೋ ಆಡಳಿತವೇ ಸರಿ ಅನ್ನೋ ಪಕ್ಷ. ಟ್ಕಾಚರ 1994ರ ಆ ಘೋಷಣೆಗೂ ಮೊದಲೇ ಹೊರಬಂದು 'ಗ್ಲೋಬಲ್ ಚರ್ಚ್ ಆಫ್ ಗಾಡ್' ಕಟ್ಟಿದ್ರು. ಕಾನೂನಿನ ಪ್ರಕಾರ ಸಂಸ್ಥೆ ಅಂದ ಮೇಲೆ ಆಡಳಿತ ಮಂಡಳಿ ಬೇಕು, ಅದನ್ನೂ ಇಟ್ಕೊಂಡ್ರು. 1998ರಲ್ಲಿ ಆ ಮಂಡಳಿಯೇ ಬಹುಮತದಿಂದ ಅವರನ್ನ ಹೊರಗೆ ಹಾಕ್ತು. ಅವರು ಹೋಗಿ 'ಲಿವಿಂಗ್ ಚರ್ಚ್ ಆಫ್ ಗಾಡ್' ಶುರು ಮಾಡಿದ್ರು, ಹೆಚ್ಚಿನ ಸದಸ್ಯರು ಹಿಂದೆಯೇ ಹೋದ್ರು. ಮಂಡಳಿಗೆ ಕಾನೂನು ಉಳೀತು, ಇವರಿಗೆ ಜನ ಉಳಿದ್ರು.

ಇನ್ನೊಂದು ಪಕ್ಷ 1995ರ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಸೇರಿತು. ಒಬ್ಬನ ಕೈಗೆ ಎಲ್ಲ ಕೊಟ್ಟಿದ್ದಕ್ಕೇ ಈ ಗತಿ ಬಂತು, ಇನ್ನು ಹಿರಿಯರು ಮತ ಹಾಕಲಿ, ಹನ್ನೆರಡು ಜನರ ಮಂಡಳಿ ಇರಲಿ ಅಂದ್ರು. ಇದು 'ಯುನೈಟೆಡ್ ಚರ್ಚ್ ಆಫ್ ಗಾಡ್'. ಮೂರು ವರ್ಷದೊಳಗೆ ಮೊದಲ ಅಧ್ಯಕ್ಷರನ್ನ ಇಳಿಸಿದ್ರು, ಅವರು ಬೇರೆ ಚರ್ಚ್ ಮಾಡ್ಕೊಂಡ್ರು. 2010ರ ಕೊನೆಗೆ ಇನ್ನೊಂದು ದೊಡ್ಡ ಗುಂಪು ಒಡೀತು. ಹೆಸರಿನಲ್ಲಿ ಮಾತ್ರ ಯುನೈಟೆಡ್ ಅಂತ ನಗೋದು ಸುಲಭ. ನಂಗೂ ನಗು ಬಂತು, ಸುಳ್ಳೇಕೆ. ಆದ್ರೆ ಇದರಲ್ಲಿ ಒಂದು ವಿಚಾರ ಇದೆ. ಮತ ಹಾಕಿದ್ರೆ ಬಹುಮತ ಯಾವುದು ಅಂತ ಗೊತ್ತಾಗುತ್ತೆ, ಅಷ್ಟೆ. ಅದು ದೇವರ ಇಷ್ಟ ಹೌದೋ ಅಲ್ವೋ ಅಂತ ಬ್ಯಾಲೆಟ್ ಪೆಟ್ಟಿಗೆ ಹೇಳಲ್ಲ. ಸೋತವರ ಮನಸ್ಸಿನಲ್ಲಿ ಆ ಪ್ರಶ್ನೆ ಹಾಗೇ ಉಳಿಯುತ್ತೆ.

[ಮತ್ತೆ ಕ್ಯಾಲೆಂಡರ್]

ಕ್ಯಾಲೆಂಡರಿಗೆ ವಾಪಸ್ ಬರೋಣ. ಈ ಗುಂಪುಗಳ ನಡುವೆ ಎಡೆಬಿಡದೆ ನಡೆಯೋ ವಾದಗಳಲ್ಲಿ ಒಂದು ತಿಂಗಳು ಯಾವತ್ತು ಶುರು ಅನ್ನೋದು. ಯೆಹೂದ್ಯರ ಲೆಕ್ಕದ ಪಂಚಾಂಗದಲ್ಲಿ ಕೆಲವು ವರ್ಷ ಹಬ್ಬ ಒಂದೆರಡು ದಿನ ಮುಂದಕ್ಕೆ ಹೋಗೋ ನಿಯಮ ಇದೆ. ಅದನ್ನ ಒಪ್ಪಬೇಕಾ, ಅಥವಾ ಬಿದಿಗೆ ಚಂದ್ರನನ್ನ ಕಣ್ಣಾರೆ ನೋಡಿ ತಿಂಗಳು ಎಣಿಸಬೇಕಾ? ಹೊರಗಿನವರಿಗೆ ಕೂದಲು ಸೀಳಿದ ಹಾಗೆ ಕಾಣುತ್ತೆ. ದೇವರು ಒಬ್ಬನೋ ಮೂವರೋ ಅನ್ನೋ ಪ್ರಶ್ನೆಯನ್ನ ಜೀವಮಾನವಿಡೀ ಬಾಕಿ ಇಟ್ಕೊಂಡು ಒಟ್ಟಿಗೆ ಹಾಡಬಹುದು, ಪ್ರಾರ್ಥನೆ ಮಾಡಬಹುದು. ಹಬ್ಬದ ತಾರೀಖನ್ನ ಬಾಕಿ ಇಡೋಕಾಗಲ್ಲ. ಪರ್ಣಶಾಲೆಗಳ ಹಬ್ಬಕ್ಕೆ ಅಂತ ಇವರು ಊರು ಬಿಟ್ಟು ಹೋಗಿ ಎಂಟು ದಿನ ಒಟ್ಟಿಗೆ ಕಳೀತಾರೆ. ನಿಮ್ಮ ಎಂಟು ದಿನ ಬೇರೆ, ಅಣ್ಣನ ಎಂಟು ದಿನ ಬೇರೆ ಆದ್ರೆ ಅಲ್ಲಿಗೆ ಮುಗೀತು. ಹಾಗಾಗಿ ದಿನದ ವಿಷಯಕ್ಕೆ ಒಬ್ಬ ತೀರ್ಪುಗಾರ ಬೇಕೇ ಬೇಕು. ತೀರ್ಪುಗಾರರು ತೀರಿಹೋಗಿದ್ದಾರೆ.

ಆಗ ಏನ್ಮಾಡ್ತಾರೆ? ತೀರಿಹೋದವರನ್ನೇ ಸಾಕ್ಷಿ ಕರೀತಾರೆ. "ಆರ್ಮ್‌ಸ್ಟ್ರಾಂಗ್ ಏನು ಬರೆದಿದ್ದಾರೆ ನೋಡಿ" ಅಂತ. ತೊಂದರೆ ಏನಂದ್ರೆ ಅವರು ಐವತ್ತು ವರ್ಷಕ್ಕೂ ಮೇಲೆ ಬರೆದವರು. ಚರ್ಚಿನ ಹೆಂಗಸರು ಲಿಪ್‌ಸ್ಟಿಕ್ ಹಚ್ಚಬಹುದಾ? 1974ರಲ್ಲಿ ಹೌದು ಅಂದ್ರು, 1981ರಲ್ಲಿ ಮತ್ತೆ ಬೇಡ ಅಂದ್ರು. ಚರ್ಚಿನ ಆಡಳಿತ? ಕೊನೆಗಾಲದಲ್ಲಿ ಮೇಲಿಂದ ಕೆಳಕ್ಕೆ ಅಂತ ಸಾರಿದ ಮನುಷ್ಯ 1939ರಲ್ಲಿ ಒಂದು ಲೇಖನ ಬರೆದು, ಸ್ಥಳೀಯ ಸಭೆಗಳ ಮೇಲೆ ಅಧಿಕಾರ ನಡೆಸೋ ಯಾವ ದೊಡ್ಡ ಸಂಸ್ಥೆಗೂ ಬೈಬಲಿನ ಆಧಾರ ಇಲ್ಲ ಅಂದಿದ್ರು. ಸ್ವತಂತ್ರ ಸಭೆಯವರು ಆ ಹಳೇ ಲೇಖನ ತೆಗೆದು ತೋರಿಸ್ತಾರೆ. ಎದುರು ಪಕ್ಷ "ಅದು ದೇವರು ಅವರಿಗೆ ಇನ್ನೂ ಪೂರ್ತಿ ತಿಳಿಸುವ ಮುಂಚೆ" ಅನ್ನುತ್ತೆ. ಇಬ್ಬರೂ ಒಬ್ಬರ ಮಾತನ್ನೇ ಎತ್ತಿ ಹೇಳ್ತಾರೆ. ವಾದ ಇರೋದು ಯಾವ ವರ್ಷದ ಆರ್ಮ್‌ಸ್ಟ್ರಾಂಗ್ ಅನ್ನೋದರ ಮೇಲೆ. ಬದುಕಿದ್ದಾಗ ಅವರು ಸೋಮವಾರವನ್ನ ಭಾನುವಾರ ಮಾಡಬಲ್ಲವರಾಗಿದ್ರು. ಸತ್ತ ಮೇಲೆ ಒಂದು ಅಲ್ಪವಿರಾಮ ಬದಲಾಯಿಸೋಕೂ ಆಗಲ್ಲ. ಹಾಗಾಗಿ ಹಿಂಬಾಲಕರು ಗುರುವಿಗಿಂತ ಬಿಗಿಯಾಗ್ತಾರೆ.

ಬೈಯೋಕೂ ಒಂದು ಪರಿಭಾಷೆ ಇದೆ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯಲ್ಲಿ ಏಳು ಸಭೆಗಳು ಬರುತ್ತವೆ. ಅದರಲ್ಲಿ ಫಿಲದೆಲ್ಫಿಯದವರು ನಂಬಿಗಸ್ತರು; ಲವೊದಿಕೀಯದವರು ಬಿಸಿಯೂ ಅಲ್ಲ ತಣ್ಣಗೂ ಅಲ್ಲ, ಉಗುರುಬೆಚ್ಚಗಿನವರು. ಪ್ರತಿ ಗುಂಪಿಗೂ ತಾನು ಫಿಲದೆಲ್ಫಿಯ, ಪಕ್ಕದವನು ಲವೊದಿಕೀಯ.

ಇನ್ನು "ನಿಮ್ಮ ತಲೆ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟವರು ಯಾರು?" ಅನ್ನೋ ಪ್ರಶ್ನೆ. ಕೊಟ್ಟಿದ್ದು ಅದೇ ಹಳೇ ಚರ್ಚು. ಈಗ ಅದು ದಾರಿ ತಪ್ಪಿದೆ ಅಂದ್ರೆ ಅದು ಕೊಟ್ಟ ದೀಕ್ಷೆ ಸಲ್ಲುತ್ತಾ? ಇದು ಅಮೆರಿಕದ ರೋಗ ಮಾತ್ರ ಅಂದ್ಕೋಬೇಡಿ. 1650ರ ದಶಕದಲ್ಲಿ ರಷ್ಯಾದ ಚರ್ಚಿನ ಮುಖ್ಯಸ್ಥ, ಪೇಟ್ರಿಯಾರ್ಕ್ ನಿಕೋನ್ ಪೂಜಾವಿಧಿ ತಿದ್ದಿದಾಗ, ಎರಡು ಬೆರಳಲ್ಲಿ ಶಿಲುಬೆ ಗುರುತು ಹಾಕೋದನ್ನ ಬಿಡಲ್ಲ ಅಂತ ಹಳೇ ವಿಧಿಯವರು ಹೊರಬಿದ್ರು. ಪಾದ್ರಿಗೆ ದೀಕ್ಷೆ ಕೊಡೋದು ಬಿಷಪ್ ಮಾತ್ರ, ಇವರ ಕಡೆ ಬಿಷಪ್ಪೇ ಉಳಿಯಲಿಲ್ಲ. ಇದ್ದ ಪಾದ್ರಿಗಳಿಗೆ ವಯಸ್ಸಾಯ್ತು, ಸತ್ತರು. ಒಂದು ಪಕ್ಷ ತಾವು ತಪ್ಪು ಅನ್ನೋ ಚರ್ಚಿನಿಂದಲೇ ಓಡಿಬಂದ ಪಾದ್ರಿಗಳನ್ನ ಇಟ್ಕೊಂಡಿತು. ಇನ್ನೊಂದು ಪಕ್ಷ ಪಾದ್ರಿಯೇ ಬೇಡ ಅಂತು. ಬೇಡ ಅಂದ ಮೇಲೆ ಮದುವೆ ಮಾಡಿಸೋರು ಯಾರು ಅಂತ ಅದರೊಳಗೆ ಇನ್ನೊಂದು ಜಗಳ. ಒಬ್ಬ ಮೆಟ್ರೊಪಾಲಿಟನ್, ಅಂದ್ರೆ ಹಿರಿಯ ಬಿಷಪ್, ಇವರ ಕಡೆ ಬಂದದ್ದು 1846ರಲ್ಲಿ. ಹತ್ತಿರ ಹತ್ತಿರ ಇನ್ನೂರು ವರ್ಷ ಕಾದಿದ್ರು.

ಪ್ಯಾಸಡೀನಾದವರು ಕಾಯಲಿಲ್ಲ, ಕೋರ್ಟಿಗೆ ಹೋದ್ರು.

[ಪರದೆಯ ಮೇಲೆ: ಹಳೆಯ ಪುಸ್ತಕವೊಂದರ ಹಕ್ಕುಸ್ವಾಮ್ಯದ ಪುಟ]

ಜೆರಾಲ್ಡ್ ಫ್ಲರಿ ಅನ್ನೋ ಬೋಧಕರನ್ನ 1989ರಲ್ಲಿ ಚರ್ಚ್ ವಜಾ ಮಾಡಿತ್ತು. ಅವರು ಓಕ್ಲಹೋಮಾದಲ್ಲಿ ಕಟ್ಟಿದ ಗುಂಪಿನ ಹೆಸರು ಊಹಿಸಿ: 'ಫಿಲಡೆಲ್ಫಿಯಾ ಚರ್ಚ್ ಆಫ್ ಗಾಡ್'. ಆರ್ಮ್‌ಸ್ಟ್ರಾಂಗ್ 1985ರಲ್ಲಿ ಬರೆದ 'ಮಿಸ್ಟರಿ ಆಫ್ ದಿ ಏಜಸ್' ಪುಸ್ತಕವನ್ನ ಮೂಲ ಚರ್ಚ್ ಮುದ್ರಿಸೋದು ನಿಲ್ಲಿಸಿತ್ತು. ಫ್ಲರಿ ಗುಂಪು 1997ರಲ್ಲಿ ತಾನೇ ಅಚ್ಚು ಹಾಕಿತು. ಚರ್ಚ್ ಹಕ್ಕುಸ್ವಾಮ್ಯ ಉಲ್ಲಂಘನೆಯ ಮೊಕದ್ದಮೆ ಹೂಡಿತು. ತಾನು ನಂಬದ ಪುಸ್ತಕ, ತಾನು ಮಾರದ ಪುಸ್ತಕ, ಆದ್ರೂ ನೀವು ಅಚ್ಚು ಹಾಕೋ ಹಾಗಿಲ್ಲ ಅಂತ. 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಚರ್ಚಿನ ಪರವೇ ನಿಂತಿತು. ಬೋಧನೆ ಸರಿಯೋ ತಪ್ಪೋ ನ್ಯಾಯಾಲಯದ ಕೆಲಸ ಅಲ್ಲ. ಪುಸ್ತಕ ಯಾರ ಆಸ್ತಿ ಅನ್ನೋದಷ್ಟೇ ಅದರ ಮುಂದಿದ್ದ ಪ್ರಶ್ನೆ.

2003ರಲ್ಲಿ ರಾಜಿಯಾಯ್ತು. ಆ ಪುಸ್ತಕವೂ ಸೇರಿ ಆರ್ಮ್‌ಸ್ಟ್ರಾಂಗರ 19 ಕೃತಿಗಳ ಹಕ್ಕನ್ನ 30 ಲಕ್ಷ ಡಾಲರಿಗೆ ಫ್ಲರಿ ಗುಂಪು ಕೊಂಡುಕೊಂಡಿತು. ಮಾರಿದವರು 2009ರಲ್ಲಿ ತಮ್ಮ ಹೆಸರನ್ನೇ 'ಗ್ರೇಸ್ ಕಮ್ಯೂನಿಯನ್ ಇಂಟರ್‌ನ್ಯಾಷನಲ್' ಅಂತ ಬದಲಾಯಿಸ್ಕೊಂಡ್ರು. ಕೊಂಡವರು ಆ ಪುಸ್ತಕವನ್ನ ಕೇಳಿದವರಿಗೆಲ್ಲ ಪುಕ್ಕಟೆ ಕಳಿಸ್ತಾರೆ, ಹಿಂದೆ ಆರ್ಮ್‌ಸ್ಟ್ರಾಂಗ್ ಪತ್ರಿಕೆ ಕಳಿಸ್ತಿದ್ದ ಹಾಗೇ.